ದಿನ ತುಂಬದೆ ಹುಟ್ಟಿದ ಮಗುವನ್ನು ಯಾವ ಅಳತೆಗೋಲಿನಿಂದ ಅಳೆಯೋಣ?

ನನ್ನ ತಂಗಿಯ ಮಗಳು 28 ವಾರಕ್ಕೆ ಹುಟ್ಟಿದವಳು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಏಳನೇ ತಿಂಗಳಿನ ಕೂಸು. ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಿ ಒಂದೂವರೆ ವರ್ಷ ಆದಾಗ ಅವಳನ್ನು ಬೆಳವಣಿಗೆಯ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆವು. ಚಿಕ್ಕ ಕೋಣೆ, ಅದರಲ್ಲೊಂದು ಪುಟ್ಟ ಮೇಜು. ಪರೀಕ್ಷೆ ಮಾಡುವ ಮೇಡಂ ಚೀಲದಿಂದ ಒಂದೊಂದೇ ಸಾಮಾನು ತೆಗೆದರು. ಗಂಟೆ, ಲೋಟ, ಬೊಂಬೆ, ಕೆಂಪು ಬಣ್ಣದ ಮರದ ತುಂಡುಗಳು. ತುಂಡುಗಳನ್ನು ಒಂದರ ಮೇಲೊಂದು ಜೋಡಿಸಬೇಕು. ಅವರೇ ಮೂರು ಸಲ ಜೋಡಿಸಿ ತೋರಿಸಿದರು. ಮಗು ಒಂದು ತುಂಡನ್ನು ಬಾಯಿಗೆ ಹಾಕಿತು. ಇನ್ನೊಂದನ್ನು ಮೇಜಿನ ಕೆಳಗೆ ಬಿಟ್ಟು, ಎಲ್ಲಿ ಬಿತ್ತು ಅಂತ ಬಗ್ಗಿ ನೋಡಿತು. ಆಮೇಲೆ ಅಮ್ಮನ ಸೀರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಮೇಡಂ ಹಾಳೆಯಲ್ಲಿ ಗುರುತು ಹಾಕಿಕೊಂಡರು.

ಅದೇ ಸಂಜೆ ಮನೆಯಲ್ಲಿ, ಅಡುಗೆಮನೆಯ ಕೆಳಗಿನ ಶೆಲ್ಫ್ ತೆಗೆದು, ಸ್ಟೀಲ್ ಡಬ್ಬಿಗಳನ್ನು ನಾಲ್ಕು ಅಂತಸ್ತು ಜೋಡಿಸಿ ಅವಳೇ ಚಪ್ಪಾಳೆ ತಟ್ಟಿಕೊಂಡಳು.

ವಾರದ ನಂತರ ಬಂದ ರಿಪೋರ್ಟಿನಲ್ಲಿ ಮಾನಸಿಕ ಬೆಳವಣಿಗೆಯ ಅಂಕ 68 ಅಂತಿತ್ತು. ಅಜ್ಜಿಗೆ ಖುಷಿಯಾಯಿತು. ‘ನೂರಕ್ಕೆ 68 ಅಂದ್ರೆ ಫಸ್ಟ್ ಕ್ಲಾಸ್ ಅಲ್ವಾ?’ ಅಂದರು. ತಂಗಿ ಮಾತಾಡಲಿಲ್ಲ. ಅಂಕದ ಪಕ್ಕದಲ್ಲಿ ಬರೆದಿದ್ದ ‘ಡಿಲೇ’ ಅನ್ನೋ ಪದ ಅವಳ ಕಣ್ಣಿಗೆ ಬಿದ್ದಿತ್ತು. 70ಕ್ಕಿಂತ ಕಡಿಮೆ ಇದ್ದರೆ ಆ ಪದ ಬರುತ್ತದೆ. ಮಗು ಎರಡೇ ಅಂಕದಲ್ಲಿ ಗೆರೆಯ ಕೆಳಗೆ ಬಿದ್ದಿತ್ತು.

ಆ ರಾತ್ರಿಯಿಂದ ನಾನು ಈ 70ರ ಹಿಂದೆ ಬಿದ್ದೆ. ಗೆರೆ ಎಳೆದವರು ಯಾರು? ಅಲ್ಲೇ ಯಾಕೆ ಎಳೆದರು? ಗೆರೆಯ ಕೆಳಗಿನ ಮಗುವಿಗೂ ಮೇಲಿನ ಮಗುವಿಗೂ ಬದುಕಿನಲ್ಲಿ ಏನು ವ್ಯತ್ಯಾಸ? ಇವು ನಮ್ಮ ಮನೆಯ ಪ್ರಶ್ನೆಗಳು ಮಾತ್ರ ಅಲ್ಲ. ನವಜಾತ ಶಿಶುಗಳ ವೈದ್ಯಲೋಕವೇ ಕೆಲವು ವರ್ಷಗಳಿಂದ ಇದನ್ನು ಗಂಭೀರವಾಗಿ ಚರ್ಚಿಸುತ್ತಿದೆ.

ಮೊದಲು ಸ್ವಲ್ಪ ಲೆಕ್ಕ. 37 ವಾರಕ್ಕೆ ಮುಂಚೆ ಹುಟ್ಟಿದರೆ ಅವಧಿಪೂರ್ವ ಹೆರಿಗೆ. 32 ವಾರಕ್ಕೆ ಮುಂಚೆ ಅಂದರೆ ತುಂಬಾ ಮುಂಚೆ, 28ಕ್ಕಿಂತ ಮುಂಚೆ ಅಂದರೆ ಅತಿ ಮುಂಚೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ದಿನ ತುಂಬದೆ ಹುಟ್ಟಿದರು. ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲಿ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಹೆಚ್ಚಿನವರು 32 ವಾರ ದಾಟಿದವರು, ಅವರಲ್ಲಿ ಬಹಳಷ್ಟು ಮಂದಿ ಚೆನ್ನಾಗಿ ಬೆಳೆಯುತ್ತಾರೆ. ಅದಕ್ಕಿಂತ ಮುಂಚೆ ಬಂದವರ ವಿಷಯದಲ್ಲಿ ಚಿಂತೆ ಜಾಸ್ತಿ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮೆದುಳು ಭರದಿಂದ ಬೆಳೆಯುತ್ತದೆ. ನುಣುಪಾಗಿದ್ದ ಮೇಲ್ಮೈ ಮಡಿಕೆ ಮಡಿಕೆಯಾಗುತ್ತದೆ, ನರಗಳ ನಡುವೆ ಸಂಪರ್ಕ ಬೆಳೆಯುತ್ತದೆ. ಈ ಮಕ್ಕಳಿಗೆ ಆ ಕೆಲಸವೆಲ್ಲ ನಡೆಯುವುದು ಎನ್‌ಐಸಿಯುವಿನ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ, ದೀಪದ ಕೆಳಗೆ, ಮಾನಿಟರುಗಳ ಸದ್ದಿನ ನಡುವೆ. ಕೆಲವರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗುತ್ತದೆ. ಕೆಲವರಿಗೆ ಕಣ್ಣಿನ ಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತವೆ.

ಹಾಗಾಗಿ ಇವರನ್ನು ವರ್ಷಗಟ್ಟಲೆ ಗಮನಿಸಬೇಕು, ಅಳೆಯಬೇಕು. ಅದರಲ್ಲಿ ನನ್ನದೇನೂ ತಕರಾರಿಲ್ಲ. ಅಳೆದು ಬಂದದ್ದನ್ನೆಲ್ಲ ಒಂದೇ ಪದದ ಡಬ್ಬಿಗೆ ಹಾಕುತ್ತಾರಲ್ಲ, ನನ್ನ ತಕರಾರು ಅದರ ಬಗ್ಗೆ.

ಆ ಡಬ್ಬಿಗೆ ಡಾಕ್ಟರುಗಳು ಇಟ್ಟ ಹೆಸರು ಎನ್‌ಡಿಐ. ನರ ಮತ್ತು ಬೆಳವಣಿಗೆಯ ಕುಂದು ಅಂತ ಅರ್ಥ. ಅದರೊಳಗೆ ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಸಂಗತಿ ಇರುತ್ತವೆ: ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ), ಕುರುಡು, ಕಿವುಡು, ಮತ್ತೆ ಬೆಳವಣಿಗೆಯ ಪರೀಕ್ಷೆಯಲ್ಲಿ ಕಡಿಮೆ ಅಂಕ. ನಾಲ್ಕರಲ್ಲಿ ಯಾವುದೋ ಒಂದಿದ್ದರೂ ಸಾಕು, ಮಗು ಡಬ್ಬಿಯೊಳಗೆ. ಕಣ್ಣು ಕಾಣದ, ಕೂರಲೂ ಆಗದ ಮಗು ಅದರಲ್ಲಿದೆ. ಓಡಾಡಿಕೊಂಡು, ನಗುತ್ತಾ, ಪರೀಕ್ಷೆಯ ದಿನ ಮರದ ತುಂಡು ಜೋಡಿಸದ ಮಗುವೂ ಅದರಲ್ಲಿದೆ. ಎಣಿಸುವಾಗ ಇಬ್ಬರೂ ಒಂದೊಂದೇ. ನಿಜ ಹೇಳಬೇಕೆಂದರೆ ಈ ಡಬ್ಬಿಯನ್ನು ತುಂಬುವುದು ಬಹುತೇಕ ಕಡಿಮೆ ಅಂಕದ ಮಕ್ಕಳೇ. ಕುರುಡು, ಕಿವುಡು, ನಡೆಯಲಾಗದ ಸ್ಥಿತಿ ಇವೆಲ್ಲ ಸೇರಿದರೂ ಅದರಲ್ಲಿ ಚಿಕ್ಕ ಪಾಲು. ಆದರೆ ಹೆಸರು ಕೇಳಿದ ತಕ್ಷಣ ಜನರ ಕಣ್ಣ ಮುಂದೆ ಬರುವುದು ಗಾಲಿಕುರ್ಚಿ.

ಕೆನಡಾದ ಒಂದು ಉದಾಹರಣೆ ನೋಡಿ. ಅಲ್ಲಿ 2009ರಿಂದ 2011ರ ನಡುವೆ 29 ವಾರಕ್ಕೆ ಮುಂಚೆ ಹುಟ್ಟಿ ಬದುಕಿದ ಮಕ್ಕಳನ್ನು ಒಂದೂವರೆ ಎರಡು ವರ್ಷದ ಹೊತ್ತಿಗೆ ದೇಶದಾದ್ಯಂತ ಪರೀಕ್ಷಿಸಿದರು. ನೋಡಲು ಸಿಕ್ಕವರು 2,340 ಮಕ್ಕಳು. ಅವರಲ್ಲಿ ಶೇ. 46 ಮಂದಿಗೆ ಕುಂದಿದೆ ಅಂತ ಬಂತು. ಅದೇ ಮಕ್ಕಳಲ್ಲಿ ‘ಗಣನೀಯ’ ಕುಂದು ಎಷ್ಟು ಮಂದಿಗೆ ಅಂತ ನೋಡಿದಾಗ ಶೇ. 17. ಮಕ್ಕಳು ಅವರೇ, ಪರೀಕ್ಷೆಯೂ ಅದೇ. ಬದಲಾದದ್ದು ಗೆರೆ ಮಾತ್ರ. ಮೊದಲ ಲೆಕ್ಕದಲ್ಲಿ ಅಂಕದ ಗೆರೆ 85, ಎರಡನೆಯದರಲ್ಲಿ 70.

ಈ 85ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜಗತ್ತಿನಲ್ಲಿ ಬಹಳ ಕಡೆ ಬಳಸುವ ಪರೀಕ್ಷೆಗೆ ಬೇಲಿ ಸ್ಕೇಲ್ ಅಂತ ಹೆಸರು. ಅಮೆರಿಕದ ಮನೋವಿಜ್ಞಾನಿ ನ್ಯಾನ್ಸಿ ಬೇಲಿ ಮಾಡಿದ್ದು. 1969ರಲ್ಲಿ ಮೊದಲ ಆವೃತ್ತಿ ಬಂತು, 2019ರಲ್ಲಿ ನಾಲ್ಕನೆಯದು. ಇದರಲ್ಲಿ ಸರಾಸರಿ ಮಗುವಿಗೆ 100 ಬರುವ ಹಾಗೆ ಅಂಕ ಹೊಂದಿಸಿರುತ್ತಾರೆ. ದಿನ ತುಂಬಿ ಹುಟ್ಟಿದ, ಯಾವ ತೊಂದರೆಯೂ ಇಲ್ಲದ ನೂರು ಮಕ್ಕಳನ್ನು ತೆಗೆದುಕೊಂಡರೂ ಸುಮಾರು 16 ಮಂದಿ 85ರ ಕೆಳಗೆ ಬಂದೇ ಬರುತ್ತಾರೆ. ಲೆಕ್ಕ ಮಾಡಿರುವುದೇ ಹಾಗೆ. 70ರ ಕೆಳಗೆ ಬರುವವರು ನೂರರಲ್ಲಿ ಇಬ್ಬರೋ ಮೂವರೋ. ಅಂದರೆ 85ರ ಗೆರೆ ಎಳೆದು ‘ಇಷ್ಟು ಮಕ್ಕಳಿಗೆ ಕುಂದಿದೆ’ ಅಂದಾಗ, ಅದರಲ್ಲಿ ಒಂದಷ್ಟು ಮಕ್ಕಳು ದಿನ ತುಂಬಿ ಹುಟ್ಟಿದ್ದರೂ ಅಲ್ಲೇ ಇರುತ್ತಿದ್ದರು. ಈ ಮಾತು ಅಂಕಿಯ ಜೊತೆಗೆ ಅಪ್ಪ ಅಮ್ಮನ ಕಿವಿಗೆ ಬೀಳುವುದೇ ಇಲ್ಲ.

ಆ ಕೆನಡಾದ ‘ಗಣನೀಯ’ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಇದೆ. ಕಿವಿಗೆ ಹಿಯರಿಂಗ್ ಏಡ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಗುವೂ ಅದರಲ್ಲಿ ಸೇರುತ್ತದೆ. ಮಷೀನ್ ಹಾಕಿಕೊಂಡು ಪಟಪಟ ಅಂತ ಮಾತಾಡುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಆ ಮಗುವಿಗೆ ಕೇಳಿಸದೇ ಇರುವುದು ನಿಜ, ಅದು ಸಣ್ಣ ವಿಷಯ ಅಲ್ಲ. ಆದರೆ ಅದು ಮಾತಾಡುತ್ತಿದೆ, ಶಾಲೆಗೆ ಹೋಗುತ್ತಿದೆ, ಜಗಳ ಆಡುತ್ತಿದೆ. ದೇಹದಲ್ಲಿ ಏನು ಕೊರತೆ ಅನ್ನೋದು ಒಂದು ಪ್ರಶ್ನೆ. ಮಗು ಏನೇನು ಮಾಡುತ್ತದೆ, ನಾಲ್ಕು ಜನರ ಜೊತೆ ಹೇಗೆ ಬೆರೆಯುತ್ತದೆ ಅನ್ನೋದು ಬೇರೆಯೇ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಇವನ್ನು ಬೇರೆ ಬೇರೆಯಾಗಿ ನೋಡುವ ಚೌಕಟ್ಟು ಕೊಟ್ಟಿದೆ. ಮಕ್ಕಳ ಫಾಲೋಅಪ್ ರಿಪೋರ್ಟುಗಳಲ್ಲಿ ಅದು ಇನ್ನೂ ಸರಿಯಾಗಿ ಇಳಿದಿಲ್ಲ.

ಸೆರೆಬ್ರಲ್ ಪಾಲ್ಸಿಯ ವಿಷಯದಲ್ಲಿ ಮಾತ್ರ ಪರಿಸ್ಥಿತಿ ಸುಧಾರಿಸಿದೆ. 1997ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ ಐದು ಹಂತಗಳ ಒಂದು ಅಳತೆ ಮಾಡಿತು. ಒಂದನೇ ಹಂತದ ಮಗು ತಾನೇ ನಡೆಯುತ್ತದೆ, ಓಡುತ್ತದೆ, ಸ್ವಲ್ಪ ತೊಡರುತ್ತದೆ. ಎರಡನೆಯದು ನಡೆಯುತ್ತದೆ, ಆದರೆ ಮೆಟ್ಟಿಲಿಗೆ ಕಂಬಿ ಬೇಕು. ಮೂರಕ್ಕೆ ವಾಕರ್ ಬೇಕು. ಐದನೇ ಹಂತದ ಮಗುವನ್ನು ಯಾರಾದರೂ ತಳ್ಳಿಕೊಂಡು, ಎತ್ತಿಕೊಂಡು ಹೋಗಬೇಕು. ಇದನ್ನು ಯಾವ ತಾಯಿಗಾದರೂ ಹೇಳಬಹುದು, ಅವಳಿಗೆ ಅರ್ಥ ಆಗುತ್ತದೆ. ‘ನಿಮ್ಮ ಮಗು ಮೆಟ್ಟಿಲು ಹತ್ತುತ್ತೆ, ಕಂಬಿ ಹಿಡ್ಕೋಬೇಕು ಅಷ್ಟೇ.’ ಬುದ್ಧಿಯ ಬೆಳವಣಿಗೆಗೂ ಇಂಥ ಮಾತಿನ ಅಳತೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸುತ್ತದೆ.

ಗೆರೆಯ ಕಥೆ ಅದು. ಇನ್ನು ಯಾರ ಜೊತೆ ಹೋಲಿಸುತ್ತೀರಿ ಅನ್ನೋದಿದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ 25 ವಾರ ಅಥವಾ ಅದಕ್ಕೂ ಮುಂಚೆ ಹುಟ್ಟಿದ ಮಕ್ಕಳನ್ನು ಎಪಿಕ್ಯೂರ್ ಅನ್ನುವ ಅಧ್ಯಯನ ಬೆನ್ನು ಹತ್ತಿತು. ಆರು ವರ್ಷದ ಹೊತ್ತಿಗೆ ಮಕ್ಕಳ ಬುದ್ಧಿ ಪರೀಕ್ಷೆ ಮಾಡಿದರು. ಪರೀಕ್ಷೆಯ ಪುಸ್ತಕದಲ್ಲಿದ್ದ ಹಳೆಯ ಸರಾಸರಿಗೆ ಹೋಲಿಸಿದಾಗ ಶೇ. 21 ಮಕ್ಕಳು ಗೆರೆಯ ಕೆಳಗೆ ಬಂದರು. ಅದೇ ಮಕ್ಕಳನ್ನು ಅವರದೇ ತರಗತಿಯಲ್ಲಿ ಕೂರುವ ಬೇರೆ ಮಕ್ಕಳ ಜೊತೆ ಹೋಲಿಸಿದಾಗ ಅದು ಶೇ. 41ಕ್ಕೆ ಏರಿತು! ಹೆಚ್ಚುಕಮ್ಮಿ ಎರಡರಷ್ಟು. ಯಾಕೆ ಹೀಗೆ? ತಲೆಮಾರು ಕಳೆದ ಹಾಗೆ ಮಕ್ಕಳು ಇಂಥ ಪರೀಕ್ಷೆಗಳಲ್ಲಿ ಒಟ್ಟಾರೆ ಜಾಸ್ತಿ ಅಂಕ ತೆಗೆಯುತ್ತಾ ಹೋಗುತ್ತಾರೆ. ಹಳೆಯ ಸರಾಸರಿಯ ಗೋಲು ಸಡಿಲವಾಗುತ್ತದೆ. ತೊಂದರೆ ಇರುವ ಮಗುವೂ ಅದರಲ್ಲಿ ಸರಿ ಇದೆ ಅಂತ ಕಾಣಿಸುತ್ತದೆ. ಶಾಲೆಯಲ್ಲಿ ಪಕ್ಕದ ಬೆಂಚಿನ ಮಗುವಿನ ಜೊತೆ ಸೇರಿ ಓಡಬೇಕಾದಾಗಲೇ ಕಷ್ಟ ಗೊತ್ತಾಗುವುದು.

ಇದನ್ನು ಯಾಕೆ ಹೇಳಿದೆ ಅಂದರೆ, ಎನ್‌ಡಿಐ ಅಂಕಿಗಳೆಲ್ಲ ಸುಮ್ನೆ ಹೆದರಿಸುತ್ತವೆ ಅನ್ನುವುದು ನನ್ನ ವಾದವಲ್ಲ. ಕೆಲವು ಸಲ ಅವು ಕಷ್ಟವನ್ನು ಮುಚ್ಚಿಯೂ ಬಿಡುತ್ತವೆ. ಬೇಲಿ ಪರೀಕ್ಷೆಯ ಮೂರನೇ ಆವೃತ್ತಿ ಬಂದಾಗಲೂ ಹೀಗೇ ಆಯಿತು. ಎರಡನೇ ಆವೃತ್ತಿಗಿಂತ ಅಂಕಗಳು ಏಕಾಏಕಿ ಮೇಲೇರಿದವು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಸಂಶೋಧಕರು ದಿನ ತುಂಬಿ ಹುಟ್ಟಿದ ಮಕ್ಕಳಿಗೂ ಅದನ್ನೇ ಕೊಟ್ಟು ನೋಡಿದರು. ಅವರ ಸರಾಸರಿ 100ರ ಹತ್ತಿರ ಇರಬೇಕಿತ್ತು, ಅದಕ್ಕಿಂತ ಸಾಕಷ್ಟು ಮೇಲಿತ್ತು. ಅಂದರೆ ಹೊಸ ಗೋಲು ಉದಾರವಾಗಿತ್ತು. ಕಾಗದದ ಮೇಲೆ ಕುಂದು ಕಡಿಮೆಯಾಯಿತು, ಮಕ್ಕಳು ಇದ್ದ ಹಾಗೇ ಇದ್ದರು.

ಈಗ ವಯಸ್ಸಿಗೆ ಬರೋಣ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಹೆಚ್ಚಿನ ಅಧ್ಯಯನಗಳು ಒಂದೂವರೆಯಿಂದ ಎರಡು ವರ್ಷಕ್ಕೆ ಪರೀಕ್ಷೆ ಮುಗಿಸುತ್ತವೆ. ಅಷ್ಟು ಚಿಕ್ಕ ಮಗುವಿನ ಅಂಕ ಮುಂದಿನ ಬದುಕಿನ ಬಗ್ಗೆ ಏನು ಹೇಳುತ್ತದೆ? ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ಮೌರೀನ್ ಹ್ಯಾಕ್ ಮತ್ತು ಅವರ ತಂಡ, ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳನ್ನು 20 ತಿಂಗಳಾದಾಗ ಒಮ್ಮೆ, 8 ವರ್ಷವಾದಾಗ ಒಮ್ಮೆ ನೋಡಿತು. 2005ರಲ್ಲಿ ಫಲಿತಾಂಶ ಬಂತು. 20 ತಿಂಗಳಲ್ಲಿ 70ರ ಕೆಳಗಿದ್ದವರು ಶೇ. 39. ಎಂಟು ವರ್ಷಕ್ಕೆ ಶೇ. 16. ಮೊದಲು ಗೆರೆಯ ಕೆಳಗಿದ್ದ ಮಕ್ಕಳಲ್ಲಿ ಹೆಚ್ಚಿನವರು ಎಂಟು ವರ್ಷದ ಹೊತ್ತಿಗೆ ಮೇಲೆ ಬಂದಿದ್ದರು.

ಇದು ಪವಾಡವೇನಲ್ಲ. ಒಂದೂವರೆ ವರ್ಷದ ಮಗುವಿನ ಪರೀಕ್ಷೆಯಲ್ಲಿ ಕೈಯ ಹಿಡಿತ ಬೇಕು, ಹೊಸಬರ ಎದುರು ಧೈರ್ಯ ಬೇಕು, ನಿದ್ದೆ ಆಗಿರಬೇಕು, ಹೊಟ್ಟೆ ತುಂಬಿರಬೇಕು. ಮೂರು ತಿಂಗಳು ಆಸ್ಪತ್ರೆಯಲ್ಲಿ ಕಳೆದ, ಆಮೇಲೂ ಉಸಿರಾಟದ ತೊಂದರೆಗೆ ಎರಡು ಸಲ ಅಡ್ಮಿಟ್ ಆದ ಮಗು ಇನ್ನೂ ಸುಧಾರಿಸಿಕೊಳ್ಳುತ್ತಿರುತ್ತದೆ. ಆಮೇಲೆ ಮನೆಯ ಮಾತು, ಆಟ, ಅಂಗನವಾಡಿ, ತಾಯಿಯ ಓದು ಎಲ್ಲವೂ ತಮ್ಮ ಕೆಲಸ ಮಾಡುತ್ತವೆ. ತೀರಾ ಕಡಿಮೆ ಅಂಕದ ಮಕ್ಕಳಲ್ಲಿ, ಕೈಕಾಲಿನ ಸ್ಪಷ್ಟ ತೊಂದರೆ ಇರುವ ಮಕ್ಕಳಲ್ಲಿ ಬದಲಾವಣೆ ಕಡಿಮೆ. ಗೆರೆಯ ಆಸುಪಾಸಿನಲ್ಲಿರುವವರದ್ದೇ ಏರಿಳಿತ ಜಾಸ್ತಿ.

ಔಷಧಗಳ ಬಗ್ಗೆ ತೀರ್ಮಾನ ಮಾಡುವಾಗಲೂ ಇದೇ ಗೊಂದಲ. ದಿನ ತುಂಬದ ಮಕ್ಕಳು ಉಸಿರಾಡುವುದನ್ನು ಮರೆತು ನಿಲ್ಲಿಸಿಬಿಡುತ್ತವೆ, ಅದಕ್ಕೆ ಕೆಫೀನ್ ಕೊಡುತ್ತಾರೆ. ಹೌದು, ಕಾಫಿಯಲ್ಲಿರುವ ಕೆಫೀನೇ. ನಮ್ಮ ಮಗುವಿಗೂ ಕೊಟ್ಟಿದ್ದರು. 500ರಿಂದ 1,250 ಗ್ರಾಂ ತೂಕದ ಮಕ್ಕಳ ಮೇಲೆ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗ ನಡೆಯಿತು. ಒಂದೂವರೆ ವರ್ಷ ದಾಟಿದಾಗ ‘ಸಾವು ಅಥವಾ ಕುಂದು’ ಕೆಫೀನ್ ಗುಂಪಿನಲ್ಲಿ ಶೇ. 40.2, ಕೊಡದ ಗುಂಪಿನಲ್ಲಿ ಶೇ. 46.2. ಸ್ಪಷ್ಟ ಲಾಭ. ಐದು ವರ್ಷಕ್ಕೆ ಮತ್ತೆ ನೋಡಿದಾಗ ಶೇ. 21.1 ಮತ್ತು 24.8. ಎರಡೂ ಗುಂಪಿನ ಅಂಕಿ ಅರ್ಧಕ್ಕೆ ಇಳಿದಿತ್ತು. ಮೊದಲ ಸಲ ಬುದ್ಧಿಯ ಗೆರೆ 85 ಇತ್ತು, ಎರಡನೇ ಸಲ 70. ಗುಂಪುಗಳ ನಡುವಿನ ವ್ಯತ್ಯಾಸವೂ ಖಚಿತವಾಗಿ ಹೇಳುವಷ್ಟು ಉಳಿಯಲಿಲ್ಲ. ಹಾಗಾದರೆ ಕೆಫೀನ್‌ನ ಲಾಭ ಕರಗಿಹೋಯಿತಾ? ಇಲ್ಲ. 11 ವರ್ಷದ ಹೊತ್ತಿಗೆ ಕೈಕಾಲಿನ ಚಲನೆಯನ್ನು ಪ್ರತ್ಯೇಕವಾಗಿ ನೋಡಿದಾಗ, ತೊಂದರೆ ಇದ್ದವರು ಕೆಫೀನ್ ಗುಂಪಿನಲ್ಲಿ ಶೇ. 19.7, ಇನ್ನೊಂದರಲ್ಲಿ ಶೇ. 27.5. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದ್ದಾಗ ಮಸುಕಾಗಿದ್ದ ಲಾಭ, ಬಿಡಿಸಿ ನೋಡಿದಾಗ ಕಾಣಿಸಿತು.

‘ಸಾವು ಅಥವಾ ಕುಂದು’ ಅನ್ನೋ ಮಾತನ್ನು ಇನ್ನೊಮ್ಮೆ ಓದಿ. ಸಂಖ್ಯಾಶಾಸ್ತ್ರದಲ್ಲಿ ಅದಕ್ಕೆ ಕಾರಣ ಇದೆ. ಸತ್ತ ಮಗುವಿಗೆ ಬೆಳವಣಿಗೆಯ ಪರೀಕ್ಷೆ ಮಾಡಲಾಗುವುದಿಲ್ಲ, ಹಾಗಾಗಿ ಎರಡನ್ನೂ ಸೇರಿಸುತ್ತಾರೆ. ಆದರೆ ಆ ಲೆಕ್ಕದಲ್ಲಿ ಸತ್ತ ಮಗುವೂ 69 ಅಂಕ ತೆಗೆದ ಮಗುವೂ ಸಮ. ಅಡುಗೆಮನೆಯಲ್ಲಿ ಡಬ್ಬಿ ಜೋಡಿಸಿ ಚಪ್ಪಾಳೆ ತಟ್ಟಿದ ಹುಡುಗಿಯನ್ನು ನೆನೆದರೆ ನನಗೆ ಈ ಸಮೀಕರಣ ಒಪ್ಪಲಾಗುವುದಿಲ್ಲ. ಇದನ್ನು ಯಾವ ಅಪ್ಪ ಅಮ್ಮನೂ ಒಪ್ಪಲಿಕ್ಕಿಲ್ಲ.

ಯಾಕೆಂದರೆ ಈ ಅಂಕಿ ಜರ್ನಲ್‌ನಲ್ಲೇ ಉಳಿಯುವುದಿಲ್ಲ. ಹೆರಿಗೆ ಕೋಣೆಯ ಬಾಗಿಲಿಗೆ ಬರುತ್ತದೆ. ತಂಗಿಗೆ ನೋವು ಶುರುವಾದ ರಾತ್ರಿ ನಮಗೂ ಬಂತು. ‘ಬದುಕಿದ್ರೂ ನಾರ್ಮಲ್ ಆಗುತ್ತೆ ಅಂತ ಹೇಳೋಕಾಗಲ್ಲ, ಅರ್ಧಕ್ಕರ್ಧ ಮಕ್ಕಳಿಗೆ ಪ್ರಾಬ್ಲಂ ಇರುತ್ತೆ’ ಅಂದರು ಒಬ್ಬರು. ಅದೇ ಉಸಿರಿನಲ್ಲಿ ಎನ್‌ಐಸಿಯು ಖರ್ಚಿನ ಮಾತು. ಅವರು ಸುಳ್ಳು ಹೇಳಲಿಲ್ಲ. ಎಲ್ಲೋ ಓದಿದ ಅಂಕಿಯನ್ನೇ ಹೇಳಿದರು. ಆದರೆ ‘ಪ್ರಾಬ್ಲಂ’ ಅಂದರೆ ಏನು ಅಂತ ಬಿಡಿಸಿ ಹೇಳಲಿಲ್ಲ, ಕೇಳುವುದು ನಮಗೂ ತೋಚಲಿಲ್ಲ. ಭಾವ ಗೋಡೆಗೆ ಒರಗಿ ನಿಂತಿದ್ದ. ಅವನ ತಲೆಯಲ್ಲಿ ಅರ್ಧಕ್ಕರ್ಧ ಅಂದರೆ ಹಾಸಿಗೆ ಹಿಡಿದ ಮಗು ಅಂತಲೇ ಇತ್ತು. ಇಂಥ ರಾತ್ರಿಗಳಲ್ಲಿ ಹಣವಿಲ್ಲದ ಎಷ್ಟು ಮನೆಗಳು ಏನೇನು ತೀರ್ಮಾನ ಮಾಡಿಕೊಂಡು ಹೋಗಿವೆಯೋ.

ನನ್ನ ಅಭಿಪ್ರಾಯ ಇಷ್ಟು. ಅಳತೆಗೆ ಎರಡು ಕೆಲಸ ಇವೆ, ಅವೆರಡನ್ನೂ ಬೆರೆಸಬಾರದು. ಒಂದು, ಯಾವ ಮಗುವಿಗೆ ಸಹಾಯ ಬೇಕು ಅಂತ ಹುಡುಕುವುದು. ಅದಕ್ಕೆ ಬಲೆ ದೊಡ್ಡದಿರಲಿ. 85ರ ಗೆರೆ ಇಟ್ಟುಕೊಳ್ಳಿ, ಅನುಮಾನ ಬಂದವರನ್ನೆಲ್ಲ ಥೆರಪಿಗೆ ಕಳಿಸಿ. ಬೇಡದ ಮಗುವಿಗೆ ನಾಲ್ಕು ದಿನ ಆಟ ಆಡಿಸಿದರೆ ನಷ್ಟವಿಲ್ಲ. ಇನ್ನೊಂದು, ಮಗುವಿನ ಭವಿಷ್ಯ ಹೀಗೆ ಅಂತ ಹೇಳುವುದು, ಚಿಕಿತ್ಸೆ ಕೊಡಬೇಕಾ ಬೇಡವಾ ಅಂತ ಮಾತಾಡುವುದು. ಅಲ್ಲಿ ಅದೇ ದೊಡ್ಡ ಬಲೆಯ ಅಂಕಿ ಬಳಸುವುದು ತಪ್ಪು. ಅಲ್ಲಿ ಹೇಳಬೇಕಾದದ್ದು ಮಗು ನಡೆಯುತ್ತದಾ, ಮಾತಾಡುತ್ತದಾ, ತಾನೇ ಉಣ್ಣುತ್ತದಾ, ನಮ್ಮನ್ನು ಗುರುತು ಹಿಡಿಯುತ್ತದಾ ಅನ್ನೋದು. ಅದೂ ಶಾಲೆಯ ವಯಸ್ಸಿನ ಲೆಕ್ಕದಲ್ಲಿ.

ಅಪ್ಪ ಅಮ್ಮಂದಿರನ್ನು ಕೇಳಿದವರು ಇದ್ದಾರೆ. ಮಾಂಟ್ರಿಯಲ್‌ನ ಸಾಂತ್ ಜಸ್ಟಿನ್ ಆಸ್ಪತ್ರೆಯ ಡಾ. ಆನಿ ಜಾನ್ವಿಯೆ ಮತ್ತು ಅವರ ಜೊತೆಯವರು ತುಂಬಾ ಮುಂಚೆ ಹುಟ್ಟಿದ ಮಕ್ಕಳ ಪೋಷಕರನ್ನು ನಿಮ್ಮ ಮಗುವಿನ ಆರೋಗ್ಯಕ್ಕೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ ಅಂತ ಕೇಳಿದರು. ಬಂದ ಉತ್ತರಗಳನ್ನು ಸಾಲಾಗಿ ಇಟ್ಟಾಗ ಸರಿಯಾಗಿ ನಡುವೆ ಬಂದದ್ದು 9. ಚಿಂತೆ ಏನು ಅಂದಾಗ ಮಾತು, ನಡವಳಿಕೆಯ ಜೊತೆಗೆ ಉಸಿರಾಟ, ಊಟ, ತೂಕ ಏರದಿರುವುದು ಇವನ್ನೂ ಹೇಳಿದರು. ಎನ್‌ಡಿಐ ಡಬ್ಬಿಯಲ್ಲಿ ಊಟಕ್ಕೆ ಜಾಗವೇ ಇಲ್ಲ. ಒಂದು ತುತ್ತು ನುಂಗಿಸಲು ಮುಕ್ಕಾಲು ಗಂಟೆ ಕೂತ ತಾಯಿಯನ್ನು ನೋಡಿದವರಿಗೆ ಅದು ಎಂಥ ಕೊರತೆ ಅಂತ ಗೊತ್ತು.

ಇದಕ್ಕೂ ಮುಂಚೆ, ಭಾರತದಿಂದ ಕೆನಡಾಕ್ಕೆ ಹೋದ ಡಾ. ಸರೋಜ್ ಸೈಗಲ್ ಇನ್ನೂ ದೊಡ್ಡ ಕೆಲಸ ಮಾಡಿದ್ದರು. 1977ರಿಂದ 1982ರ ನಡುವೆ ಒಂಟಾರಿಯೊದಲ್ಲಿ ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳನ್ನು ಹದಿಹರೆಯದವರೆಗೂ ನೋಡಿಕೊಂಡು ಬಂದು, ನಿಮ್ಮ ಬದುಕು ಹೇಗಿದೆ ಅಂತ ಅವರನ್ನೇ ಕೇಳಿದರು. ತೊಂದರೆಗಳು ಇದ್ದವು. ಆದರೂ ಹೆಚ್ಚಿನವರು ತಮ್ಮ ಬದುಕಿಗೆ ಒಳ್ಳೆಯ ಅಂಕವನ್ನೇ ಕೊಟ್ಟರು. 1999ರಲ್ಲಿ ಇನ್ನೊಂದು ಹೋಲಿಕೆ ಬಂತು. ಅಂಗವೈಕಲ್ಯ ಇರುವ ಮಕ್ಕಳ ಚಿತ್ರಣ ಕೊಟ್ಟು ಡಾಕ್ಟರು, ನರ್ಸು, ಪೋಷಕರು, ಹದಿಹರೆಯದವರು ಎಲ್ಲರಿಂದಲೂ ಅಂಕ ಹಾಕಿಸಿದರು. ಡಾಕ್ಟರು, ನರ್ಸುಗಳು ಕೊಟ್ಟದ್ದು ಉಳಿದವರಿಗಿಂತ ಕಡಿಮೆ. ಅವರು ಮಕ್ಕಳನ್ನು ಹೆಚ್ಚಾಗಿ ನೋಡುವುದು ಕಾಯಿಲೆ ಬಿದ್ದಾಗ. ಉಳಿದ ದಿನಗಳು ಅವರ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ದೇಶದ ಗೋಲಿನ ಬಗ್ಗೆ ಹೇಳದಿದ್ದರೆ ಮಾತು ಪೂರ್ತಿ ಆಗುವುದಿಲ್ಲ. ತಂಗಿಯ ಮಗಳಿಗೆ ಮಾಡಿದ್ದು ಬೇಲಿ ಅಲ್ಲ, ಡಾಸಿ. ಭಾರತದ ಮಕ್ಕಳಿಗಾಗಿ ಬರೋಡಾದಲ್ಲಿ ಡಾ. ಪ್ರಮೀಳಾ ಫಾಟಕ್ ಬೇಲಿಯ ಆಧಾರದ ಮೇಲೆ ರೂಪಿಸಿದ ಪರೀಕ್ಷೆ. ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ 1990ರ ದಶಕದ ನಂತರ ಅದರ ಸರಾಸರಿಗಳು ಹಾಗೇ ಇವೆ. ಗೋಲು ಹಳೆಯದಾದರೆ ಏನಾಗುತ್ತದೆ ಅಂತ ಎಪಿಕ್ಯೂರ್‌ನಲ್ಲಿ ನೋಡಿದೆವಲ್ಲ. ಇನ್ನೊಂದು ಸೂಕ್ಷ್ಮ ಇದೆ. ಬೇಲಿಯ 70 ಅಂದರೆ ನೂರು ಮಕ್ಕಳ ಸಾಲಿನಲ್ಲಿ ಈ ಮಗು ಎಲ್ಲಿ ನಿಂತಿದೆ ಅಂತ. ಡಾಸಿಯ 70 ಬೇರೆ. ಮಗು ಎಷ್ಟು ತಿಂಗಳಿನದರ ಹಾಗೆ ಆಡುತ್ತದೆ ಅನ್ನೋದನ್ನು ಅದರ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. 18 ತಿಂಗಳಿನ ಮಗು 12 ತಿಂಗಳಿಗಿಂತ ಚೂರು ಮುಂದಿದ್ದರೆ 68. ಅಂಕಿ ಒಂದೇ ಥರ ಕಂಡರೂ ಎರಡರ ಅರ್ಥ ಒಂದಲ್ಲ. ಅಜ್ಜಿಯ ಫಸ್ಟ್ ಕ್ಲಾಸ್ ಪ್ರಶ್ನೆಗೆ ಈ ವಿವರಣೆ ಕೊಟ್ಟಾಗ ಅವರು ತಟ್ಟನೆ ಹೇಳಿದರು, ‘ಆರು ತಿಂಗಳು ಹಿಂದೆ ಅಷ್ಟೇ ತಾನೇ? ಮೂರು ತಿಂಗಳು ಪೆಟ್ಟಿಗೆಲೇ ಕಳೆದ್ಲಲ್ಲ.’ ಇನ್‌ಕ್ಯುಬೇಟರಿಗೆ ಅವರು ಪೆಟ್ಟಿಗೆ ಅನ್ನುತ್ತಾರೆ.

ಆ ಮೂರು ತಿಂಗಳ ವಿಷಯದಲ್ಲಿ ಅಜ್ಜಿ ಎರಡು ಸಲ ಲೆಕ್ಕ ಹಾಕಿದ್ದರು ಅಂತ ಆಮೇಲೆ ಹೊಳೆಯಿತು. ಯಾಕೆಂದರೆ ಪರೀಕ್ಷೆಯಲ್ಲಿ ಅದನ್ನು ಆಗಲೇ ಕಳೆದಿರುತ್ತಾರೆ. 28 ವಾರಕ್ಕೆ ಹುಟ್ಟಿದ ಮಗು 12 ವಾರ ಮುಂಚೆ ಬಂದಿದೆ. ಮೊದಲ ಹುಟ್ಟುಹಬ್ಬದ ದಿನ ಅದನ್ನು ಸುಮಾರು ಒಂಬತ್ತು ತಿಂಗಳಿನ ಮಗು ಅಂತಲೇ ನೋಡಬೇಕು. ಕರೆಕ್ಟೆಡ್ ಏಜ್ ಅನ್ನೋದು ಇದಕ್ಕೇ. ಎರಡು ವರ್ಷದವರೆಗೆ ಹೀಗೆ ಲೆಕ್ಕ ಹಾಕುತ್ತಾರೆ. ಪಕ್ಕದ ಮನೆಯವರು ‘ನಮ್ಮದು ಆಗಲೇ ಅಂಬೆಗಾಲು ಇಡ್ತಿತ್ತು’ ಅಂದಾಗ ತಾಯಿ ಈ ಒಂದು ಲೆಕ್ಕ ನೆನಪಿಟ್ಟುಕೊಂಡರೆ ಅರ್ಧ ನಿದ್ದೆ ಉಳಿಯುತ್ತದೆ.

ಹಳ್ಳಿಯ ಮಟ್ಟಕ್ಕೆ ಬೇಕಾದದ್ದು ಇಷ್ಟು ದೊಡ್ಡ ಪರೀಕ್ಷೆ ಅಲ್ಲ. ತಿರುವನಂತಪುರದಲ್ಲಿ ಡಾ. ಎಂ.ಕೆ.ಸಿ. ನಾಯರ್ ತಂಡ ಮಾಡಿದ ಒಂದು ಚಾರ್ಟ್ ಇದೆ. ಹದಿನೇಳೇ ಅಂಶ. ಮಗುವಿನ ವಯಸ್ಸಿನ ಜಾಗದಲ್ಲಿ ಒಂದು ಪೆನ್ಸಿಲನ್ನು ನೇರವಾಗಿ ಇಡಬೇಕು. ಪೆನ್ಸಿಲಿನ ಎಡಗಡೆ ಬಿದ್ದದ್ದನ್ನೆಲ್ಲ ಮಗು ಮಾಡುತ್ತಿರಬೇಕು. ಮಾಡದಿದ್ದರೆ ಮುಂದಕ್ಕೆ ಕಳಿಸಿ. ಸಹಾಯ ಹುಡುಕುವ ಅಳತೆ ಅಂದರೆ ಇದು. ಯಾರೂ ತೀರ್ಪು ಕೊಡುವುದಿಲ್ಲ.

ಕೆಲವು ಕುಂದುಗಳನ್ನು ಅಳೆಯುವುದಕ್ಕಿಂತ ತಪ್ಪಿಸುವುದೇ ಸಾಧ್ಯ. ಕಣ್ಣು ಅಂಥದ್ದು. ದಿನ ತುಂಬದ ಮಗುವಿನ ಕಣ್ಣನ್ನು ಹುಟ್ಟಿದ ಒಂದು ತಿಂಗಳೊಳಗೆ, ತೀರಾ ಚಿಕ್ಕದಿದ್ದರೆ ಇನ್ನೂ ಬೇಗ, ಪರೀಕ್ಷಿಸಬೇಕು. ಸಮಯಕ್ಕೆ ಸಿಕ್ಕಿದರೆ ಲೇಸರ್‌ನಿಂದ ದೃಷ್ಟಿ ಉಳಿಸಬಹುದು, ವಾರಗಳು ತಪ್ಪಿದರೆ ಹೋಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ಎನ್‌ಐಸಿಯುಗಳಿಗೆ ಹೋಗಿ ಕಣ್ಣಿನ ಚಿತ್ರ ತೆಗೆಯುತ್ತಾರೆ. ಎನ್‌ಡಿಐ ಪಟ್ಟಿಯ ಒಂದು ಸಾಲನ್ನೇ ಅಳಿಸುವ ಕೆಲಸ ಇದು.

ಡಬ್ಬಿಯಿಂದ ಹೊರಗೇ ಉಳಿದುಹೋಗುವ ಕಷ್ಟಗಳು ಇನ್ನೊಂದು ಕಡೆ. ಗಮನ ನಿಲ್ಲದಿರುವುದು, ಲೆಕ್ಕ ಹತ್ತದಿರುವುದು, ಗುಂಡಿ ಹಾಕಲು ಬಾರದಿರುವುದು, ಆಟಿಸಂ, ಗೆಳೆಯರು ಸಿಗದಿರುವುದು. ತುಂಬಾ ಮುಂಚೆ ಹುಟ್ಟಿದವರಲ್ಲಿ ಇವೆಲ್ಲ ಜಾಸ್ತಿ. ಎರಡು ವರ್ಷಕ್ಕೆ ಇವು ಕಾಣಿಸುವುದೇ ಕಷ್ಟ. ಅಂಕ 95 ಬಂದು ‘ನಾರ್ಮಲ್’ ಅನ್ನಿಸಿಕೊಂಡ ಮಗು ಮೂರನೇ ಕ್ಲಾಸಿನಲ್ಲಿ ಸೋಮಾರಿ ಅಂತ ಬೈಸಿಕೊಳ್ಳುತ್ತದೆ. ಅದು 26 ವಾರಕ್ಕೆ ಹುಟ್ಟಿದ್ದು ಅಂತ ಟೀಚರಿಗೆ ಯಾರು ಹೇಳಿರುತ್ತಾರೆ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳನ್ನು ನೋಡಬೇಕು, ಜಿಲ್ಲೆಗಳಲ್ಲಿ ಅದಕ್ಕೊಂದು ಕೇಂದ್ರ ಇರಬೇಕು. ಆ ಕೇಂದ್ರದ ಹೆಸರು ಗೊತ್ತಿರುವ ತಾಯಂದಿರು ನನಗೆ ಬಹಳ ಕಡಿಮೆ ಸಿಕ್ಕಿದ್ದಾರೆ.

ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸೌಲಭ್ಯ ಸಿಗಬೇಕಾದರೆ ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕು. ಅಲ್ಲೂ ಒಂದು ಗೆರೆ. ಆ ಗೆರೆಯ ಒಳಗೆ ಬಂದರೆ ಬಾಗಿಲು ತೆರೆಯುತ್ತದೆ ಅನ್ನೋದು ನಿಜ, ಹಾಗಾಗಿ ಅಂಕಿಯೇ ಬೇಡ ಅನ್ನುವ ಧೈರ್ಯ ನನಗಿಲ್ಲ. ಅಂಕಿಯ ಪಕ್ಕದಲ್ಲಿ ಎರಡು ಸಾಲು ಬರೆಯಿರಿ ಅಂತಷ್ಟೇ ಕೇಳುತ್ತೇನೆ. ಯಾವ ಪರೀಕ್ಷೆ, ಯಾವ ಗೆರೆ, ಯಾವ ವಯಸ್ಸು. ಮಗು ಏನು ಮಾಡುತ್ತದೆ, ಯಾವುದಕ್ಕೆ ಆಸರೆ ಬೇಕು.

ತಂಗಿಯ ಮಗಳಿಗೆ ಈಗ ಐದೂವರೆ. ಯುಕೆಜಿ. ಪದ್ಯ ಹೇಳುತ್ತಾಳೆ, ಇಪ್ಪತ್ತರವರೆಗೆ ಎಣಿಸುತ್ತಾಳೆ, ಹನ್ನೆರಡನ್ನು ಯಾವಾಗಲೂ ಬಿಡುತ್ತಾಳೆ. ಕತ್ತರಿ ಹಿಡಿಯಲು ಬರುವುದಿಲ್ಲ. ಒಂದನೇ ಕ್ಲಾಸಿಗೆ ಸೇರಿಸುವ ಮುಂಚೆ ಇನ್ನೊಂದು ಪರೀಕ್ಷೆ ಇದೆ. ಈ ಸಲ ತಂಗಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ದಿನಾ ಕಂಡದ್ದನ್ನು ಬರೆದುಕೊಳ್ಳುತ್ತಾಳೆ. ನಿನ್ನೆಯ ಪುಟದಲ್ಲಿ ಹೀಗಿತ್ತು: ‘ಮಿಕ್ಸಿ ಸದ್ದಿಗೆ ಕಿವಿ ಮುಚ್ಕೋತಾಳೆ, ಕೇಳಬೇಕು. ಮೆಟ್ಟಿಲು ಇಳಿಯುವಾಗ ಕೈ ಬಿಟ್ಟಳು, ಎರಡು ಮೆಟ್ಟಿಲು.’